ಕಚ್ಚಾ ಅಂಕಿ

ಕಿಟ್ಟು ಸುಳ್ಳು ಹೇಳುತ್ತಿದೆ ಎಂದು ಗವಿಸಿದ್ದಪ್ಪ ತೀರ್ಮಾನಿಸಿ ಒಂದು ವಾರವಾಗಿತ್ತು. ಹಾಗೆ ತೀರ್ಮಾನಿಸಿದ್ದಕ್ಕೆ ಅವನಿಗೆ ಬೇಸರವಾಗಲಿ ಸಿಟ್ಟಾಗಲಿ ಇರಲಿಲ್ಲ. ಈಚೆಗೆ ಅವನಿಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ. ಹೆಂಡತಿ ಕೊಟ್ರಮ್ಮ ಚೊಚ್ಚಲ ಹೆರಿಗೆಗೆಂದು ಸಿರುಗುಪ್ಪದ ತವರಿಗೆ ಹೋದಾಗಲೂ, ಗಂಡು ಕೂಸು ಹುಟ್ಟಿದೆ ಎಂದು ಮಾವನ ಅಕ್ಕಿ ಗಿರಣಿಯಿಂದ ಕಾಲೇಜಿಗೆ ಫೋನು ಬಂದಾಗಲೂ, ಸ್ಟಾಫ್ ರೂಮಿನವರೆಲ್ಲ ಮುತ್ತಿಕೊಂಡು ಪೇಢೆ ಎಲ್ಲಿ ಎಂದು ಕೇಳಿದಾಗಲೂ ಅವನು ಸಂತೋಷಪಡಬೇಕಾದಷ್ಟು ಹೊತ್ತು ಸಂತೋಷದ ಮುಖ ಹೊತ್ತು ನಿಂತು, ಆಮೇಲೆ ಪಾರ್ವತಿನಗರದ ಬಾಡಿಗೆ ಮನೆಗೆ ಬಂದು, ಬೀಗ ತೆಗೆದು, ಒಬ್ಬನಿಗಾಗುವಷ್ಟು ಅನ್ನಕ್ಕಿಟ್ಟುಕೊಂಡಿದ್ದ. ಇವತ್ತು ಸಂಜೆ ಆ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಮಧ್ಯಾಹ್ನದ ಬಸ್ಸು ಹಿಡಿದರೆ ಹೊತ್ತಿಗೆ ಸರಿಯಾಗಿ ಸಿರುಗುಪ್ಪ ಮುಟ್ಟಬಹುದು. ಅಷ್ಟರೊಳಗೆ ಕಿಟ್ಟನ್ನು ಕೊನೆಯದಾಗಿ ಒಮ್ಮೆ ನೋಡಿ, ಡಬ್ಬಿಯಲ್ಲಿ ಹಾಕಿ, ಕಂಪನಿಗೆ ವಾಪಸು ಕಳಿಸಲು ಕಟ್ಟಿಡಬೇಕಾಗಿತ್ತು.

ಕಿಟ್ಟೆಂದರೆ ಹಸಿರು ಹಲಗೆಯೊಂದರ ಮೇಲೆ ಬೆಸೆದ ಕರಿಯ ಐಸಿಗಳು, ಒತ್ತಿದರೆ ಟಿಕ್ಕೆನ್ನುವ ಗುಂಡಿಗಳು, ಮೇಲ್ತುದಿಯಲ್ಲಿ ಕೆಂಪಗೆ ಉರಿಯುವ ಅಂಕಿಗಳ ಒಂದು ಕಿಂಡಿ. ಪಾಲಿಟೆಕ್ನಿಕ್ಕಿಗೆ ಮೈಕ್ರೋಪ್ರೊಸೆಸರ್ ಪಾಠ ಬಂದ ಮರುವರ್ಷ, ಎಂಬತ್ತೇಳರಲ್ಲಿ, ಬೆಂಗಳೂರಿನ ಯಾವುದೋ ಕಂಪನಿಯಿಂದ ಅದನ್ನು ತರಿಸಿದ್ದರು. ಬಳ್ಳಾರಿಯಲ್ಲಿ ಅಂಥದ್ದನ್ನು ಕಂಡವರೇ ಕಡಿಮೆ. ಅದರ ಜೊತೆಗೆ ಎರಡು ಎಳೆ ವೈರಿನ ತುದಿಗೆ ಹೆಸರುಕಾಳಿನಷ್ಟು ದಪ್ಪದ ಒಂದು ಕರಿ ಮಣಿ ಬಂದಿತ್ತು. ಮಣಿ ಬಿಸಿಯಾದರೆ ಕಿಂಡಿಯಲ್ಲಿ ಅಂಕಿ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಒಂಬತ್ತಾದ ಮೇಲೆ ಹತ್ತು ಬರದೆ ಎ ಬಿ ಸಿ ಎಂದು ಅಕ್ಷರ ಬರುವ ಲೆಕ್ಕ ಅದರದು. ಆ ಅಂಕಿಯನ್ನು ಡಿಗ್ರಿಗೆ ಬದಲಾಯಿಸುವ ಪ್ರೋಗ್ರಾಮನ್ನು ಗವಿಸಿದ್ದಪ್ಪ ಇನ್ನೂ ಬರೆದಿರಲಿಲ್ಲ. ಬರೆಯುವ ಮೊದಲು ಮಣಿಯನ್ನು ಒಮ್ಮೆ ಮಂಜುಗಡ್ಡೆಯಲ್ಲೂ ಒಮ್ಮೆ ಕುದಿಯುವ ನೀರಿನಲ್ಲೂ ಅದ್ದಿ ಎರಡೂ ತುದಿಯನ್ನು ಗೊತ್ತು ಮಾಡಿಕೊಳ್ಳಬೇಕು. ಅಲ್ಲಿಯ ತನಕ ಬರುವುದು ಬರೀ ಕಚ್ಚಾ ಅಂಕಿ, ಅದಕ್ಕೆ ಅರ್ಥವಿಲ್ಲ ಎಂದು ಹುಡುಗರಿಗೆ ಹೇಳಿಕೊಡುವಾಗ ಅವನಿಗೆ ಆ ಮಾತು ಯಾಕೋ ಹಿಡಿಸಿತ್ತು. ಅರ್ಥವಿಲ್ಲದೆ ಸುಮ್ಮನೆ ಏರಿ ಇಳಿಯುವ ಅಂಕಿಯನ್ನು ನೋಡುತ್ತಾ ಗಂಟೆಗಟ್ಟಲೆ ಕೂರಬಹುದಿತ್ತು, ಯಾರೂ ಅದರಿಂದ ಏನನ್ನೂ ಕೇಳುತ್ತಿರಲಿಲ್ಲ.

ಎಡವಟ್ಟಾದದ್ದು ಹೋದ ವಾರದ ಪ್ರಾಕ್ಟಿಕಲ್ ಕ್ಲಾಸಿನಲ್ಲಿ. ಹುಡುಗರು ಮೇಜಿನ ಸುತ್ತ ಗುಂಪುಗಟ್ಟಿ ನಿಂತಿದ್ದರು. ಕ್ಯಾಂಟೀನಿನಿಂದ ತರಿಸಿದ್ದ ಬಿಸಿನೀರಿನ ಲೋಟದಲ್ಲಿ ಗವಿಸಿದ್ದಪ್ಪ ಮಣಿಯನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದು ಅದ್ದಿದ್ದ. ಅಂಕಿ ದಡದಡ ಏರಿ ಎ ಎಂಟಕ್ಕೆ ನಿಂತಿತು. ಬೆರಳಿಗೋ ನೀರು ಉಗುರು ಬೆಚ್ಚಗೂ ಇರಲಿಲ್ಲ. ಮತ್ತೆ ಅದ್ದಿದ, ಮತ್ತೆ ಎ ಎಂಟು. ಇಷ್ಟು ಆರಿದ ನೀರಿಗೆ ಇಷ್ಟು ದೊಡ್ಡ ಅಂಕಿ ಬರುತ್ತಿದೆ ಎಂದರೆ ಕಿಟ್ಟು ಕೆಟ್ಟಿದೆ ಎಂದೇ ಅರ್ಥ, ಯಂತ್ರವನ್ನು ಕಣ್ಣು ಮುಚ್ಚಿ ನಂಬಬಾರದು ಎನ್ನುವುದು ಇದಕ್ಕೇ ನೋಡಿ ಎಂದು ಅವನು ಆ ತಪ್ಪನ್ನೂ ಒಂದು ಪಾಠ ಮಾಡಿ ಮುಗಿಸಿದ. ಮೇಷ್ಟರ ಬೆರಳೇ ನೀರಿನಲ್ಲಿರುವಾಗ ತಮ್ಮ ಬೆರಳು ಅದ್ದಿ ನೋಡಬೇಕೆಂದು ಅಷ್ಟು ಹುಡುಗರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಮರುದಿನ ಆ ಎರಡು ಬೆರಳ ತುದಿಯಲ್ಲಿ ನೀರ್ಗುಳ್ಳೆ ಎದ್ದಿದ್ದವು. ಬೆಸುಗೆ ಹಾಕುವಾಗ ಕಾದ ಕಡ್ಡಿ ತಾಗಿರಬೇಕು ಎಂದುಕೊಂಡು ಸುಮ್ಮನಾದ.

ಪ್ರಿನ್ಸಿಪಾಲರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೊಸ ಸಾಮಾನು ತಾನಾಗಿ ಕೆಡುವುದಿಲ್ಲ, ಲ್ಯಾಬಿನಲ್ಲಿ ಮೇಜು ಒರೆಸುವವರು ಯಾರು ಎಂದು ಕೇಳಿದರು. ಕೆಂಚಣ್ಣ ಎಂದು ಗವಿಸಿದ್ದಪ್ಪ ಹೇಳಿದ. ಅದು ನಿಜವೇ ಆಗಿತ್ತು. ಅಟೆಂಡರ್ ಕೆಂಚಣ್ಣನೇ ಎಲ್ಲ ಮೇಜು ಒರೆಸುತ್ತಿದ್ದ. ಆದರೆ ಒಂದು ನಿಜವಾದ ಮಾತು ಬಾಯಿಂದ ಬಿದ್ದು ಇನ್ನೊಬ್ಬರ ಮೇಲೆ ಗೂಬೆಯಾಗಿ ಕೂರುವುದಕ್ಕೆ ಎಷ್ಟು ಹೊತ್ತು ಬೇಕು? ಒದ್ದೆ ಬಟ್ಟೆಯಲ್ಲಿ ಒರೆಸಿ ಕಿಟ್ಟು ಕೆಡಿಸಿದ್ದಾನೆ, ಕಂಪನಿಯವರು ಹೌದೆಂದರೆ ಅವನು ನಾಳೆಯಿಂದ ಬರುವುದು ಬೇಡ ಎಂಬಲ್ಲಿಗೆ ಅದು ಬಂದು ನಿಂತಿತ್ತು. ಕೆಂಚಣ್ಣ ಇನ್ನೂ ಕಾಯಂ ಆಗದ ನೌಕರ. ಆಗಿನಿಂದ ಅವನು ಲ್ಯಾಬಿನಲ್ಲಿ ಕಿಟ್ಟಿದ್ದ ಮೇಜನ್ನು ಬಿಟ್ಟು ಉಳಿದದ್ದನ್ನೆಲ್ಲ ಒರೆಸುತ್ತಿದ್ದ, ಆ ಮೇಜಿನ ಮೇಲೆ ಧೂಳು ಕೂತಿತ್ತು. ಗವಿಸಿದ್ದಪ್ಪ ಆ ಧೂಳನ್ನು ದಿನವೂ ನೋಡುತ್ತಿದ್ದ. ತಾನೇನೂ ಸುಳ್ಳು ಹೇಳಿಲ್ಲವಲ್ಲ ಎಂದುಕೊಳ್ಳುತ್ತಿದ್ದ, ಹಾಗೆ ಅಂದುಕೊಂಡ ಮೇಲೆ ಹೊಟ್ಟೆಯೊಳಗೆ ಏನಾದರೂ ಚುಚ್ಚುತ್ತದೆಯೇ ಎಂದು ಕಾಯುತ್ತಿದ್ದ. ಚುಚ್ಚುತ್ತಿರಲಿಲ್ಲ.

ಈ ಹೊತ್ತು ಕೆಂಚಣ್ಣ ಕ್ಯಾಂಟೀನಿನ ಬಾಯ್ಲರಿನಿಂದ ನೇರವಾಗಿ ನೀರು ಹಿಡಿದು ತಂದ. ಸ್ಟೀಲ್ ಲೋಟಕ್ಕೆ ಹೆಗಲ ಮೇಲಿನ ವಲ್ಲಿಯನ್ನು ಎರಡು ಮಡಿಕೆ ಸುತ್ತಿ, ಅಷ್ಟಿದ್ದರೂ ಕೈಯಿಂದ ಕೈಗೆ ಬದಲಾಯಿಸುತ್ತಾ ಬಂದಿದ್ದ. ಅವನು ಲೋಟವನ್ನು ಮೇಜಿನ ಮೇಲೆ ಇಡುವ ಮೊದಲೇ ಗವಿಸಿದ್ದಪ್ಪ ಬಲಗೈ ಚಾಚಿ, ವಲ್ಲಿಯ ಒಳಗಿನಿಂದ ಲೋಟವನ್ನು ಎತ್ತಿ, ಅಂಗೈಯೊಳಗೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ವೈರಿನ ಸಿಕ್ಕು ಬಿಡಿಸತೊಡಗಿದ. ಬಿಡಿಸುತ್ತಾ, ಬರುವಷ್ಟರಲ್ಲಿ ನೀರು ಆರಿಸಿಕೊಂಡು ಬಂದಿದ್ದಾನೆ ಎಂದು ಗೊಣಗಿದ. ಕೆಂಚಣ್ಣ ಆ ಅಂಗೈಯನ್ನೇ ನೋಡಿದ. ಖಾಲಿಯಾದ ವಲ್ಲಿಯನ್ನು ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಮೆಲ್ಲಗೆ ಕೇಳಿದ:

“ಸಾರ್, ಕೈ ಸುಡವಲ್ದೇನ್ರಿ?”

ಗವಿಸಿದ್ದಪ್ಪ ಇಲ್ಲ ಎಂದ. ಎಂದವನು ಲೋಟದಿಂದ ಏಳುತ್ತಿದ್ದ ಹಬೆಯನ್ನು ನೋಡಿದ. ಲೋಟವನ್ನು ಕೆಳಗಿಟ್ಟು ಮಣಿಯನ್ನು ನೀರಿಗೆ ಬಿಟ್ಟ. ಕಿಂಡಿಯಲ್ಲಿ ಅಂಕಿ ಏಳರಿಂದ ಎಂಟಕ್ಕೆ, ಎಂಟರಿಂದ ಒಂಬತ್ತು, ಎ, ಬಿ, ಸಿ ಎಂದು ಹಾರಿ ಡಿ ಆರಕ್ಕೆ ನಿಂತು ಅಲ್ಲೇ ಮಿನುಗತೊಡಗಿತು. ಆಗ ಅವನು ಒಂದು ವಾರದಿಂದ ಮಾಡದೆ ಇದ್ದ, ಮಾಡಬೇಕೆಂದು ಒಮ್ಮೆಯೂ ಹೊಳೆಯದಿದ್ದ ಕೆಲಸ ಮಾಡಿದ. ಎಡಗೈಯನ್ನು ಲೋಟದ ಮೈಗೆ ಮುಟ್ಟಿಸಿದ. ಕೈ ತಾನಾಗಿ ಹಿಂದಕ್ಕೆ ಹಾರಿತು, ಲೋಟ ಉರುಳಿತು, ನೀರು ಮೇಜಿನ ತುಂಬ ಹರಿದು ಕಿಟ್ಟಿನ ಅಂಚಿಗೆ ಬಂತು. ಕೆಂಚಣ್ಣ ಓಡಿ ಬಂದು ವಲ್ಲಿಯನ್ನೇ ಅಡ್ಡ ಹಾಕಿ ನೀರು ತಡೆದ. ನೋಡಿಕೊಂಡು ತುಂಬಿಸಬಾರದಾ, ಕಂಠಮಟ್ಟ ಯಾಕೆ ತುಂಬಿಸಿಕೊಂಡು ಬಂದೆ ಎಂದು ಗವಿಸಿದ್ದಪ್ಪ ಅವನನ್ನೇ ಗದರಿದ. ಗದರಿದ ದನಿ ತನ್ನದೇ ಎಂದು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು.

ಕಿಟ್ಟು ಸುಳ್ಳು ಹೇಳಿರಲಿಲ್ಲ. ಮೊದಲ ದಿನದಿಂದಲೂ ಅದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾ ಬಂದಿತ್ತು. ಬಲಗೈಯನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ನೋಡಿದ. ಅಂಗೈ ಕೆಂಪಗಾಗಿತ್ತು. ಮುಂಗೈ ಮೇಲಿನ ಮಾಸಲು ಮಚ್ಚೆಯನ್ನು ಚಿಬ್ಬು ಎಂದುಕೊಂಡು ಬೇಸಿಗೆಯಿಂದ ಮುಲಾಮು ಹಚ್ಚಿದ್ದ, ಅದು ಹೋಗಿರಲೂ ಇಲ್ಲ ಹೆಚ್ಚಿರಲೂ ಇಲ್ಲ. ಸೀಮೆಸುಣ್ಣ ಹಿಡಿದರೆ ಸೀಮೆಸುಣ್ಣ ಗೊತ್ತಾಗುತ್ತಿತ್ತು, ಗುಂಡಿ ಒತ್ತಿದರೆ ಗುಂಡಿ ಗೊತ್ತಾಗುತ್ತಿತ್ತು. ಮುಟ್ಟಿದ್ದು ತಿಳಿಯುತ್ತದೆ, ಸುಟ್ಟದ್ದು ತಿಳಿಯುವುದಿಲ್ಲ. ಅದಕ್ಕೇ ಇಷ್ಟು ದಿನ ಇದು ಅವನ ಗಮನಕ್ಕೆ ಬಂದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಹದ ಲೋಟಕ್ಕೆ ಕರ್ಚೀಫು ಸುತ್ತಿಕೊಳ್ಳುವಾಗ ಅವನು ಬರಿಗೈಲಿ ಹಿಡಿದು ಗಟಗಟ ಕುಡಿಯುವುದನ್ನು ನೋಡಿ ಕುರುಗೋಡಿನವರ ಕೈ ಕಲ್ಲಿನದು ಎಂದು ಅವನ ಊರಿನ ಹೆಸರು ಹಿಡಿದು ತಮಾಷೆ ಮಾಡುತ್ತಿದ್ದರು, ಅವನೂ ನಗುತ್ತಿದ್ದ. ಈಗ ಹೆದರಿಕೆ ಬರಬೇಕು ಎಂದು ಕುರ್ಚಿಯಲ್ಲಿ ಕೂತು ಕಾದ. ಎಲ್ಲೋ ದೂರದಲ್ಲಿ ಬೇರೆ ಯಾರಿಗೋ ಏನೋ ಆಗಿದೆ ಎಂಬಂತೆ ಅನ್ನಿಸಿತೇ ಹೊರತು ಹೆದರಿಕೆ ಬರಲಿಲ್ಲ.

ಕೆಂಚಣ್ಣ ಮೇಜನ್ನು ಒಣಬಟ್ಟೆಯಿಂದ ಮೂಲೆಮೂಲೆಯೂ ಒರೆಸಿದ. ಒಣಬಟ್ಟೆ ಎಂಬುದು ಕಾಣಲಿ ಎಂದು ಅದನ್ನು ಒಮ್ಮೆ ಕೊಡವಿ ಹರಡಿದ. ಬಾಗಿಲ ತನಕ ಹೋದವನು ತಿರುಗಿ, “ಹಂಗಾರ ಕಿಟ್ಟು ಚಲೋ ಐತಲ್ರಿ ಸಾರ್?” ಎಂದು ಕೇಳಿದ. ಇದ್ದದ್ದು ಒಂದೇ ಮಾತಿನ ಉತ್ತರ. ಆದರೆ ಕಿಟ್ಟು ಚಲೋ ಇದೆ ಎಂದರೆ ಕೆಟ್ಟದ್ದು ಏನು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ, ಅದನ್ನು ಕೇಳಬೇಕಾದವನು ಆಗಲೇ ಕಣ್ಣಾರೆ ನೋಡಿಯೂ ಆಗಿದೆ. ಗವಿಸಿದ್ದಪ್ಪ ನೋಡೋಣ ಎಂದ. ಕೆಂಚಣ್ಣ ತಲೆಯಾಡಿಸಿ ಹೊರಟುಹೋದ. ಗವಿಸಿದ್ದಪ್ಪ ಬ್ಯಾಗು ಹೆಗಲಿಗೇರಿಸಿ ವರಾಂಡ ದಾಟುವಾಗ ಪ್ರಿನ್ಸಿಪಾಲರ ಕೋಣೆಯ ಬಾಗಿಲು ತೆರೆದೇ ಇತ್ತು. ಅವರು ತಲೆಯೆತ್ತಿ, ಡಬ್ಬಿ ಕಟ್ಟಿಟ್ಟಿರಾ ಎಂದು ಕೇಳಿದರು. ಊರಿನಿಂದ ಬಂದು ಕಟ್ಟುತ್ತೇನೆ ಎಂದು ಹೇಳಿ, ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ನಡೆದ. ತಾನು ಹೇಡಿ ಎಂದು ಅವನಿಗೆ ಗೊತ್ತಿತ್ತು. ಗೊತ್ತಿರುವುದರಿಂದ ಏನೂ ಆಗುತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಆರೋಗ್ಯ ಇಲಾಖೆಯವರು ನೀಲಿ ಬಣ್ಣದಲ್ಲಿ ಬರೆಸಿದ್ದ ಬರಹ ಅವನು ಬಳ್ಳಾರಿಗೆ ಬಂದಾಗಿನಿಂದಲೂ ಇತ್ತು. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕುಷ್ಠರೋಗದ ಲಕ್ಷಣ, ಬೇಗ ತೋರಿಸಿದರೆ ಪೂರ್ತಿ ವಾಸಿಯಾಗುತ್ತದೆ, ಮಾತ್ರೆ ಪುಕ್ಕಟೆ. ಪಕ್ಕದಲ್ಲಿದ್ದ ಬೀಡಿಯ ಜಾಹೀರಾತನ್ನು ಓದುವ ಹಾಗೆ ಅದನ್ನೂ ಎಷ್ಟೋ ಸಲ ಓದಿದ್ದ. ಇವತ್ತು ಓದಲಿಲ್ಲ, ಓದದೆಯೇ ಪೂರ್ತಿ ಬಾಯಿಪಾಠ ಇತ್ತು. ವಾಸಿಯಾಗುತ್ತದೆ ಎಂಬುದನ್ನು ಅವನು ನಂಬುತ್ತಿದ್ದ ಕೂಡ. ವಿಜ್ಞಾನ ಓದಿದವನು ನಂಬದೆ ಏನು ಮಾಡುತ್ತಾನೆ? ಆದರೆ ಮಾತ್ರೆ ನುಂಗುವುದಕ್ಕೆ ಮುಂಚೆ ಒಂದು ಕಡೆ ಬಾಯಿ ಬಿಟ್ಟು ಹೇಳಬೇಕು, ಹೇಳಿದ ಮೇಲೆ ವಾಸಿಯಾಗುವ ತನಕ ಎಲ್ಲಿ ಕೂರಬೇಕು, ಯಾವ ತಟ್ಟೆಯಲ್ಲಿ ಉಣ್ಣಬೇಕು, ಕೂಸನ್ನು ಯಾವ ಕೈಯಲ್ಲಿ ಎತ್ತಬೇಕು ಎಂಬುದು ಆ ಗೋಡೆಯ ಮೇಲೆ ಬರೆದಿರಲಿಲ್ಲ.

ಸಿಕ್ಕಿದ್ದು ಕುರುಗೋಡಿನ ಮೇಲೆ ಸುತ್ತಿ ಹೋಗುವ ಬಸ್ಸು. ಕಿಟಕಿಯ ಕಂಬಿ ಬಿಸಿಲಿಗೆ ಕಾದಿತ್ತು ಎಂದು ಎಡಗೈ ಹೇಳಿತು, ಬಲಗೈ ಕಂಬಿ ಇದೆ ಎಂದಷ್ಟೇ ಹೇಳಿತು. ಎರಡೂ ಕೈಯನ್ನು ಅಕ್ಕಪಕ್ಕ ಇಟ್ಟುಕೊಂಡು ಹೀಗೆ ಎಷ್ಟು ದೂರ ಬಂದನೋ. ಕುರುಗೋಡು ಬಂತು. ಬಸ್ಸು ನಿಂತಿತು. ತಾಯಿತಂದೆ ತೀರಿಕೊಂಡ ಮೇಲೆ ಅಲ್ಲಿಯ ಮನೆಯಲ್ಲಿ ಅಣ್ಣನ ಸಂಸಾರ ಇತ್ತು, ಇಳಿದರೆ ಐದು ನಿಮಿಷದ ದಾರಿ. ಇಳಿಯಲಿಲ್ಲ. ಆ ಮನೆಯ ಹಿತ್ತಲಿನಲ್ಲಿ ದನದ ಕೊಟ್ಟಿಗೆಗೆ ತಾಗಿದ ಒಂದು ತಗಡಿನ ಕೋಣೆ ಇತ್ತು, ಈಗ ಅದರಲ್ಲಿ ಹೊಟ್ಟು ತುಂಬಿಟ್ಟಿದ್ದಾರೆ. ಅದು ಗಿಡ್ಡಮ್ಮತ್ತೆಯ ಕೋಣೆ. ಅಪ್ಪನ ತಂಗಿ ಗಿಡ್ಡಮ್ಮ ಗಂಡ ಸತ್ತ ಮೇಲೆ ತವರಿಗೆ ಬಂದವಳು. ಇಡೀ ಓಣಿಗೆ ಅವಳ ಕೈ ಪ್ರಸಿದ್ಧವಾಗಿತ್ತು. ಒಲೆಯ ಮೇಲಿನ ಹಂಚನ್ನು ಬರಿಗೈಲಿ ಎತ್ತುತ್ತಿದ್ದಳು, ಮದುವೆಮನೆಗಳಲ್ಲಿ ಕುದಿಯುವ ಸಾರಿನ ಕೊಳಗ ಇಳಿಸುವುದಕ್ಕೆ ಅವಳನ್ನೇ ಕರೆಯುತ್ತಿದ್ದರು, ಗಿಡ್ಡಮ್ಮನ ಕೈಗೆ ಬಸವಣ್ಣನ ವರ ಐತಿ ಎನ್ನುತ್ತಿದ್ದರು. ಆ ಹೊಗಳಿಕೆಯಲ್ಲಿ ಅವಳು ಎಷ್ಟೋ ವರ್ಷ ಖುಷಿಯಾಗಿದ್ದಳು. ಬೆರಳು ಮಡಚಿಕೊಳ್ಳಲು ಶುರುವಾದ ಮೇಲೆ ಬಳ್ಳಾರಿಯ ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು, ಮನೆಯಲ್ಲಿ ಆ ಹೆಸರು ಹೇಳದೆ ದೊಡ್ಡ ರೋಗ ಎಂದರು. ಕೊಟ್ಟಿಗೆಗೆ ಒರಗಿಸಿ ತಗಡು ಹೊದಿಸಿದರು. ಬಂದವರು ಕೇಳಿದರೆ ಬಾದನಹಟ್ಟಿಯ ನೆಂಟರ ಮನೆಯಲ್ಲಿ ಇದ್ದಾಳೆ ಎನ್ನುತ್ತಿದ್ದರು, ಅವರು ಹೋಗುವ ತನಕ ಅವಳು ಹಿತ್ತಲಲ್ಲಿ ಕೆಮ್ಮದೆ ಕೂರುತ್ತಿದ್ದಳು. ಡಿಪ್ಲೊಮಾ ಓದುವಾಗ ರಜಕ್ಕೆ ಬಂದ ಗವಿಸಿದ್ದಪ್ಪನನ್ನು ನೋಡಿ ಒಮ್ಮೆ, ಎಷ್ಟು ಎತ್ತರ ಆಗೀಯಪ್ಪ, ಒಂಚೂರು ಈ ಕಡೆ ಬಾ ನೋಡೋಣ ಎಂದಿದ್ದಳು. ಅವನು ನಿಂತಲ್ಲೇ ನಿಂತು, ಕಾಣಿಸುತ್ತಲ್ಲ ಅತ್ತೆ, ಇಲ್ಲಿಂದಲೇ ನೋಡು ಎಂದಿದ್ದ. ನಕ್ಕೇ ಹೇಳಿದ್ದ. ಬಸ್ಸು ಹಾರ್ನ್ ಹಾಕಿ ಹೊರಟಿತು, ಕುರುಗೋಡಿನ ಬಂಡೆಗುಡ್ಡ ಹಿಂದಕ್ಕೆ ಸರಿಯಿತು.

ಆಮೇಲೆ ಗದ್ದೆಗಳು ಬಂದವು. ಕಾಲುವೆಯ ನೀರು, ನಾಟಿ ಮಾಡಿದ ಭತ್ತ, ಅದರ ಮೇಲೆ ಬೆಳ್ಳಕ್ಕಿ. ಇಷ್ಟೊಂದು ಹಸಿರು ಕಂಡರೆ ಕೊಟ್ರಮ್ಮ ಬಸ್ಸಿನಲ್ಲೇ ಮಾತು ಶುರು ಮಾಡುತ್ತಿದ್ದಳು, ಇದು ಯಾರ ಹೊಲ, ಅದು ಯಾರ ಹೊಲ, ಯಾರು ಯಾರಿಗೆ ಹೆಣ್ಣು ಕೊಟ್ಟು ತಂದವರು ಎಂದು. ಅವಳು ತವರಿಗೆ ಹೊರಟ ದಿನ ಟ್ರಂಕು ಮುಚ್ಚುತ್ತಾ, ನೀವು ಈಚೀಚೆಗೆ ಕಲ್ಲಿನಂಗ ಆಗೀರಿ ಎಂದು ಹೇಳಿ ಅತ್ತಿದ್ದಳು. ಅವನಿಗೆ ಅದು ಅನ್ಯಾಯದ ಮಾತು ಅನ್ನಿಸಿತ್ತು. ಕೈಯ ಮರಗಟ್ಟುವಿಕೆಗೆ ನರದ ಕಾರಣ ಇದೆ, ಮನಸ್ಸಿನದಕ್ಕೆ ಯಾವ ಕಾರಣವೂ ಇಲ್ಲ, ಎರಡಕ್ಕೂ ಸಂಬಂಧ ಹಚ್ಚುವುದು ಮೂರ್ಖತನ ಎಂದು ಈಗ ತನ್ನಷ್ಟಕ್ಕೇ ವಾದಿಸಿಕೊಂಡ. ಸಿರುಗುಪ್ಪದ ಗಿರಣಿಗಳ ಹೊಗೆ ಕೊಳವೆ ಕಾಣುವ ಹೊತ್ತಿಗೆ ಅವನು ಒಂದು ನಿರ್ಧಾರಕ್ಕೆ ಬಂದಿದ್ದ: ಇವತ್ತು ಬಾಯಿ ಬಿಡುವುದಿಲ್ಲ. ತೊಟ್ಟಿಲ ಕಾರ್ಯ ಮುಗಿಯಲಿ, ಗುಟ್ಟಾಗಿ ಹುಬ್ಬಳ್ಳಿಗೆ ಹೋಗಿ ತೋರಿಸಿ, ಗುಟ್ಟಾಗಿ ಮಾತ್ರೆ ನುಂಗಿ, ಯಾರಿಗೂ ತಿಳಿಯದ ಹಾಗೆ ವಾಸಿಯಾಗಿಬಿಡುವುದು. ಹೇಳಿದರೆ ಮಾವನ ಮನೆಯವರು ಕೂಸನ್ನೂ ಅದರ ತಾಯಿಯನ್ನೂ ಮತ್ತೆ ಕಳಿಸುವುದಿಲ್ಲ. ಅಷ್ಟು ಖಾತ್ರಿಯಿತ್ತು.

ಮಾವ ಗಿರಣಿಯಿಂದ ಇನ್ನೂ ಬಂದಿರಲಿಲ್ಲ. ಅತ್ತೆ ಶಿವಬಸಮ್ಮ ಕಾಲಿಗೆ ನೀರು ಕೊಟ್ಟು, ಬೆಲ್ಲ ಕೊಟ್ಟು, ಕೂತು ದಣಿವಾರಿಸಿಕೊಳ್ಳುವುದಕ್ಕೂ ಬಿಡದೆ, ಹೊತ್ತು ಮೀರುತ್ತದೆ ಎಂದು ಹಿಂದಿನ ಅಂಗಳಕ್ಕೆ ಕರೆದೊಯ್ದಳು. ಆ ಮನೆಯಲ್ಲೊಂದು ಪದ್ಧತಿ ಇತ್ತು. ಮನೆಯ ಮೊದಲ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತಂದೆಯಾದವನು ತನ್ನ ಕೈಯಾರೆ ಬಿಸಿನೀರು ತಣ್ಣೀರು ಬೆರೆಸಿ, ಹದ ನೋಡಿ, ಮೊದಲ ಚರಿಗೆ ನೀರನ್ನು ಕೂಸಿನ ಮೈಮೇಲೆ ಹಾಕಬೇಕು. ಆ ಚರಿಗೆ ಬೀಳುವ ತನಕ ಬೇರೆ ಯಾರೂ ಆ ನೀರಿಗೆ ಕೈ ಅದ್ದಬಾರದು. ಮಾವ ಕೊಟ್ರಮ್ಮನಿಗೆ ಹಾಕಿದ್ದನಂತೆ, ಅವನ ತಂದೆ ಅವನಿಗೆ ಹಾಕಿದ್ದನಂತೆ. ಬಚ್ಚಲ ಕಲ್ಲಿನ ಮೇಲೆ ಸೂಲಗಿತ್ತಿ ಸುಂಕಲಮ್ಮ ಕಾಲು ನೀಡಿ ಕೂತಿದ್ದಳು. ಅವಳ ಕಾಲ ಮೇಲೆ ಎಣ್ಣೆ ಹಚ್ಚಿದ ಕೂಸು ಅಂಗಾತ ಮಲಗಿ ಕಣ್ಣು ಕಿರಿದು ಮಾಡಿಕೊಂಡು ಆಕಾಶ ನೋಡುತ್ತಿತ್ತು. ಗವಿಸಿದ್ದಪ್ಪ ತನ್ನ ಮಗನನ್ನು ಮೊದಲ ಸಲ ನೋಡಿದ್ದು ಹೀಗೆ. ಇಷ್ಟು ತೆಳ್ಳನೆಯ ಚರ್ಮ ಮನುಷ್ಯರಿಗೆ ಇರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಒಳಗಿನ ನರ ನೀಲಿಯಾಗಿ ಕಾಣುತ್ತಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡ ಕೊಟ್ರಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು, ದಪ್ಪಗಾಗಿದ್ದಳು, ಅವನನ್ನು ನೋಡಿ ನಕ್ಕಳು.

ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಮೊಗೆದು ಕೊಳಗಕ್ಕೆ ಹಾಕಿದ. ಪಕ್ಕದ ಬಕೆಟ್ಟಿನಿಂದ ತಣ್ಣೀರು ಬೆರೆಸಿದ. ಎಷ್ಟು ಬೆರೆಸಬೇಕು? ಎಡಗೈಯನ್ನು ಕೊಳಗದ ಕಡೆಗೆ ಒಯ್ದ. ಶಿವಬಸಮ್ಮ ತಟ್ಟನೆ ತಡೆದಳು. ಎಡಗೈ ಅದ್ದಿದ ನೀರನ್ನು ಯಾರಾದರೂ ಕೂಸಿಗೆ ಹಾಕುತ್ತಾರೆಯೇ ಎಂದು, ಅಳಿಯನಿಗೆ ಬಯ್ಯಬಾರದೆಂದು ನಗುತ್ತಾ ಹೇಳಿದಳು. ಇನ್ನೊಂದು ಚರಿಗೆ ತಣ್ಣೀರು ಸುರಿಯಲು ಹೋದ. ಬಾಣಂತಿ ಮನೆ, ಕೂಸಿಗೆ ತಣ್ಣಗಾದರೆ ಎದೆ ಕಟ್ಟುತ್ತದೆ, ಸಾಕು ಎಂದು ಸುಂಕಲಮ್ಮ ಕೂತಲ್ಲಿಂದಲೇ ಹೇಳಿದಳು. ಬಲಗೈ ಅದ್ದಿದ. ನೀರು ಮಣಿಕಟ್ಟಿನ ತನಕ ಬಂತು. ನೀರು ಇದೆ ಎಂದು ಕೈ ಹೇಳಿತು, ಅಷ್ಟೇ ಹೇಳಿತು. ಮುಖಕ್ಕೆ ಹಬೆ ತಾಗುತ್ತಿತ್ತು, ಅದು ಕೊಳಗದ್ದೋ ಪಕ್ಕದ ಹಂಡೆಯದೋ ತಿಳಿಯುವಂತಿರಲಿಲ್ಲ. ಬೆರಳುಗಳನ್ನು ನೀರೊಳಗೆ ಆಡಿಸಿದ, ಅಂಗೈ ತಿರುವಿದ, ಎಲ್ಲಾದರೂ ಒಂದು ಕಡೆ, ಒಂದು ಸಾಸಿವೆಯಷ್ಟು ಕಡೆ, ಏನಾದರೂ ತಿಳಿದೀತೇ ಎಂದು ಹುಡುಕಿದ. ಹದ ಐತಿ ಎಂದು ಹೇಳಿದರೆ ಮುಗಿಯಿತು. ಎರಡು ಮಾತು. ಬೆಳಗಿನಿಂದ ಅವನು ಇಂಥ ಸಣ್ಣ ಸಣ್ಣ ಮಾತುಗಳಲ್ಲೇ ಪಾರಾಗುತ್ತಾ ಬಂದಿದ್ದ. ಹದ ಇದ್ದರೂ ಇರಬಹುದು. ಇಲ್ಲದಿದ್ದರೆ? ಕೂಸು ಒಮ್ಮೆ ಕಾಲು ಝಾಡಿಸಿತು. ಎಣ್ಣೆ ಹಚ್ಚಿದ ಆ ಪುಟ್ಟ ಹೊಟ್ಟೆ ಉಸಿರಿಗೆ ಏರಿ ಇಳಿಯುತ್ತಿತ್ತು, ಅದರ ಮೇಲೆ ಈ ನೀರು ಬೀಳುವುದು ಅವನಿಗೆ ಕಣ್ಣಿಗೆ ಕಟ್ಟಿದಂತಾಯಿತು. ಆಗ ಹೆದರಿಕೆ ಬಂತು. ಅಷ್ಟು ತಿಂಗಳಿಂದ ಬಾರದ್ದೆಲ್ಲ ಒಟ್ಟಿಗೇ ಬಂತು.

ತನಗೆ ತಿಳಿಯುತ್ತಿಲ್ಲ ಎಂದ. ಶಿವಬಸಮ್ಮ ನಕ್ಕಳು, ಗಂಡಸರಿಗೆ ಹದ ಎಲ್ಲಿ ತಿಳಿಯುತ್ತದೆ, ಬಿಸಿ ಇದೆಯೋ ಇಲ್ಲವೋ ಅಷ್ಟು ಹೇಳಿದರೆ 
ಸಾಕು ಎಂದಳು. ಸುಂಕಲಮ್ಮನೂ ನಕ್ಕಳು.

“ಅದ ತಿಳಿಯವಲ್ದು ಅತ್ತೀ,” ಎಂದ ಗವಿಸಿದ್ದಪ್ಪ. “ಈ ಕೈಗೆ ಸುಟ್ರೂ ಗೊತ್ತಾಗಂಗಿಲ್ಲ. ಜಡ್ಡು ಐತಿ. ಈ ನೀರು ಕೂಸಿಗೆ ಹಾಕಬ್ಯಾಡ್ರಿ.”

ನಗು ಅಲ್ಲಿಗೇ ನಿಂತಿತು. ಯಾವ ಜಡ್ಡು ಎಂದು ಯಾರೂ ಕೇಳಲಿಲ್ಲ, ಆ ಸೀಮೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಸುಂಕಲಮ್ಮ ಕೂಸನ್ನು ಕಾಲ ಮೇಲಿಂದ ಎತ್ತಿ ಎದೆಗೆ ಒತ್ತಿಕೊಂಡಳು. ಶಿವಬಸಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಂದಕ್ಕೆ ಒಂದು ಹೆಜ್ಜೆ, ಆಮೇಲೆ ಇನ್ನೊಂದು ಹೆಜ್ಜೆ ಸರಿದಳು. ಗಿರಣಿಯ ಸದ್ದು ಓಣಿಯಾಚೆಯಿಂದ ಕೇಳುತ್ತಿತ್ತು. ಗವಿಸಿದ್ದಪ್ಪ ಯಾರ ಮುಖವನ್ನೂ ನೋಡದೆ ಕೊಳಗವನ್ನೇ ನೋಡುತ್ತಿದ್ದ. ಕೊಟ್ರಮ್ಮ ಬಾಗಿಲಿನಿಂದ ಇಳಿದು ಬಂದಳು. ಬಂದವಳು ಬಗ್ಗಿ ಕೊಳಗದ ನೀರಿಗೆ ಕೈ ಇಟ್ಟಳು, ಇಟ್ಟ ಕೈಯನ್ನು ಹಾ ಎಂದು ಎಳೆದುಕೊಂಡಳು.

“ಕೈ ತಗೀರಿ,” ಎಂದಳು. ಅವನಿಗೆ ಅರ್ಥವಾಗಲಿಲ್ಲ. “ಮೊದಲು ನೀರಾಗಿಂದ ಕೈ ತಗೀರಿ ಅಂತೀನಿ.”

ಕೈ ಇನ್ನೂ ನೀರಿನಲ್ಲೇ ಇತ್ತು. ತೆಗೆದ. ಮಣಿಕಟ್ಟಿನ ತನಕ ಬಳೆ ತೊಟ್ಟಂತೆ ಗೆರೆ ಕೊರೆದು ಕೆಳಗೆಲ್ಲ ಕೆಂಪೇರಿತ್ತು. ಅವಳು ಆ ಮಣಿಕಟ್ಟನ್ನು ತನ್ನ ಎಡಗೈಯಿಂದ ಹಿಡಿದು ಬಚ್ಚಲ ಕಡೆಗೆ ಎಳೆದಳು. ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದ ಹಿತ್ತಾಳೆ ಚರಿಗೆಯನ್ನು ಬಕೆಟ್ಟಿನಲ್ಲಿ ಅದ್ದಿ ತಣ್ಣೀರು ತುಂಬಿದಳು. ಅದು ಕೂಸಿನ ಚರಿಗೆ, ಮೊದಲ ನೀರು ಕೂಸಿಗೇ ಬೀಳಬೇಕು, ಬಾಣಂತಿ ಅವನನ್ನು ಮುಟ್ಟಬಾರದು ಎಂದು ಶಿವಬಸಮ್ಮ ನಿಂತಲ್ಲಿಂದಲೇ ಅಳುವ ದನಿಯಲ್ಲಿ ಹೇಳಿದಳು. ಕೊಟ್ರಮ್ಮ ಕೇಳಿಸಿಕೊಂಡಳೋ ಇಲ್ಲವೋ, ಚರಿಗೆಯನ್ನು ಎತ್ತಿ ಅವನ ಕೈ ಮೇಲೆ ಸುರಿದಳು. ಖಾಲಿಯಾದದ್ದನ್ನು ಮತ್ತೆ ತುಂಬಿ ಮತ್ತೆ ಸುರಿದಳು. ನೀರು ತಣ್ಣಗಿದೆಯೋ ಇಲ್ಲವೋ ಗವಿಸಿದ್ದಪ್ಪನಿಗೆ ತಿಳಿಯಲಿಲ್ಲ. ತನ್ನನ್ನು ಹಿಡಿದ ಅವಳ ಬೆರಳುಗಳ ಬಿಗಿ ತಿಳಿಯಿತು.